ತಿದ್ದಿದ ಸಾಲು

ಬೆಳಿಗ್ಗೆ ಏಳೂವರೆ. ಯಾಕೂಬಸಾಬ ತನ್ನ ಟೈರ್ ಅಂಗಡಿಯ ಶಟರ್ ಎತ್ತಿದ. ಮೇಲಿನ ಬ್ಯಾಂಡ್ ಕೋಣೆಯಿಂದ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಸ್ಪೀಕರಿನದು. ಅಲ್ಲೇ ಮಲಗುವ ಗಿಟಾರುಗಾರ ಧಮ್ಮಪಾಲನನ್ನು ಕೂಗಿದ. ಉತ್ತರವಿಲ್ಲ. ಮೆಟ್ಟಿಲು ಹತ್ತಿ ನೋಡಿದ. ಬಾಗಿಲು ತೆರೆದೇ ಇತ್ತು. ಧಮ್ಮಪಾಲ ಬೋರಲಾಗಿ ಬಿದ್ದಿದ್ದ. ತಲೆಯ ಹಿಂದೆ ರಕ್ತ. ಪಕ್ಕದಲ್ಲಿದ್ದ ಮೈಕ್ ಸ್ಟ್ಯಾಂಡಿನ ಕಬ್ಬಿಣದ ಬುಡಕ್ಕೂ ರಕ್ತ.

ಉಸಿರಿತ್ತು.

ಆಂಬುಲೆನ್ಸ್ ಕಲಬುರಗಿಯ ಕಡೆ ಹೊರಟ ಮೇಲೆ ಆಳಂದದ ಪಿಎಸ್‌ಐ ಪಂಚಶೀಲಾ ಕೋಣೆಯನ್ನು ನೋಡಿದಳು. ಬೀಗ ಮುರಿದಿಲ್ಲ. ಗಿಟಾರು, ಡ್ರಮ್ಮು ಎಲ್ಲ ಜಾಗದಲ್ಲೇ ಇವೆ.

"ಏನಾದ್ರೂ ಕಳುವಾಗೇದೇನ್ರಿ?"

"ಒಂದು ವಹಿ ಇರ್ತಿತ್ರಿ ಮೇಡಂ," ಎಂದ ಯಾಕೂಬಸಾಬ. "ಹಾಡು ಬರಿಯೂ ವಹಿ. ಯಾವಾಗ್ಲೂ ಆ ಕಿಡಕ್ಯಾಗ ಇರ್ತಿತ್ತು. ಈಗಿಲ್ಲ."

"ನಿನ್ನೆ ಯಾರು ಬಂದಿದ್ರು?"

"ಸಿದ್ದಲಿಂಗ. ಸಂಜೀಕ ಇಬ್ರೂ ಜಗಳಾಡಿದ್ರು. 'ನೀ ಇಲ್ಲಂದ್ರೂ ನಾ ಹಾಡ್ತೇನಿ, ಹೋಗಲೇ' ಅಂತ ಒದರಾಕತ್ತಿದ್ದ. ನಾನೇ ಕೇಳೇನ್ರಿ."

ಪಂಚಶೀಲಾಗೆ ಇಷ್ಟೇ ಸಾಕಾಗಿತ್ತು.

* * *

'ಕರಿನೆಲ' ರಾಕ್ ಬ್ಯಾಂಡಿನ ಹಾಡುಗಾರ ಸಿದ್ದಲಿಂಗ. ಗಿಟಾರ್ ಧಮ್ಮಪಾಲನದು. ಆದರೆ ಪೋಸ್ಟರಿನ ಮೇಲೆ ಸಿದ್ದಲಿಂಗನ ಮುಖ ಒಂದೇ.

ಹಿಂದಿನ ದಿನ ಆಳಂದದಲ್ಲಿ ಇದೇ ವಿಷಯಕ್ಕೆ ಸಭೆ ಸೇರಿತ್ತು. ಹೆಸರಿಗೆ ಸಂವಾದ. ನಡೆದದ್ದು ವಿಚಾರಣೆ. ನಿವೃತ್ತ ಸಂಗೀತ ಮಾಸ್ತರ ದೌಲತರಾಯ ಎದ್ದು ನಿಂತಿದ್ದ. ನಾಲ್ಕು ವರ್ಷಗಳಿಂದ ತನ್ನ ಯೂಟ್ಯೂಬ್ ಚಾನೆಲ್ಲಿನಲ್ಲಿ ಸಿದ್ದಲಿಂಗನನ್ನು ಬೈಯುತ್ತ ಬಂದವನು ಅವನು.

"ಗಿಟಾರ್ ತಗೊ. ಎರಡೇ ನಿಮಿಷ ಬಾರಿಸಿ ತೋರಸು."

"ನಾ ಸರ್ಕಸ್ ಮಂಗ್ಯಾ ಅಲ್ಲ," ಎಂದಿದ್ದ ಸಿದ್ದಲಿಂಗ.

ಸಭೆ ಕೂಗಿತ್ತು. ದೌಲತರಾಯ ಇನ್ನೂ ಜೋರಾಗಿ ಕೂಗಿದ್ದ. "ಬಾರಸಾಂವ ಧಮ್ಮಪಾಲ! ಹಾಡು ಬರಿಯಾಂವನೂ ಧಮ್ಮಪಾಲ! ದುಡಿಯಾಂವ ಒಬ್ಬ, ಹೆಸರು ಮಾತ್ರ ದೊಡ್ಡ ಮನಿತನದ ಮಗಂದು!"

ಧಮ್ಮಪಾಲ ತಲೆ ತಗ್ಗಿಸಿ ಕುಳಿತಿದ್ದ. ಬಂದೋಬಸ್ತಿಗೆ ನಿಂತಿದ್ದ ಪಂಚಶೀಲಾ ಮನಸ್ಸಿನಲ್ಲೇ ಚಪ್ಪಾಳೆ ಹೊಡೆದಿದ್ದಳು. ಇಂಥ ಹೆಸರುಗಳ್ಳರನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು.

* * *

ಎಂಟೂವರೆಗೆ ಸಿದ್ದಲಿಂಗನನ್ನು ಲಾಡ್ಜಿನ ಹಾಸಿಗೆಯಿಂದ ಎಬ್ಬಿಸಿ ತಂದರು. ಅವನ ಫೋನ್ ಪಂಚಶೀಲಾಳ ಮೇಜಿನ ಮೇಲಿತ್ತು.

"ರಾತ್ರಿಯಿಂದ ಮುಂಜಾನಿತನಕ ಎಲ್ಲಿದ್ದಿ?"

"ಮಲಗಿದ್ದೆ."

"ಸಾಕ್ಷಿ?"

"ಮಲಗೂದಕ್ಕೂ ಸಾಕ್ಷಿ ಬೇಕೇನ್ರಿ?" ಅವನ ದನಿಯಲ್ಲಿ ಹೆದರಿಕೆಗಿಂತ ಸೊಕ್ಕು ಹೆಚ್ಚಿತ್ತು.

"ಜಗಳ ಯಾಕಾತು?"

"ಸಭಾದಾಗ ಅಂವ ಬಾಯಿ ಬಿಡಲಿಲ್ಲ. ಮಾತು ನಂದು, ಟ್ಯೂನ್ ಅವಂದು. ಅಷ್ಟು ಹೇಳಿದ್ರ ಮುಗೀತಿತ್ತು."

"ಹಾಡು ನೀ ಬರೀತಿ?" ಪಂಚಶೀಲಾ ನಕ್ಕಳು. "ವಹಿ ಎಲ್ಲದ ತೋರಸು."

"ನನಗೇನು ಗೊತ್ತು?"

ಅವಳು ಫೋನ್ ಅವನ ಮುಂದೆ ತಳ್ಳಿ ತೆರೆಸಿದಳು. ಧಮ್ಮಪಾಲ ಕಳಿಸಿದ ಒಂದು ಧ್ವನಿ ಸಂದೇಶವಿತ್ತು. ಸಮಯ ಆರು ಗಂಟೆ ಹನ್ನೆರಡು ನಿಮಿಷ. ಅದನ್ನು ಇನ್ನೂ ಯಾರೂ ಕೇಳಿರಲಿಲ್ಲ. ಪಂಚಶೀಲಾ ಬೆರಳಿಟ್ಟಳು.

"ಅಣ್ಣಾ, ನಿನ್ನೆ ಬರದಿಯಲ್ಲ, 'ನಮ್ಮೂರ ಬಿಸಿಲಿಗೆ ನೆರಳಿಲ್ಲ' ಅಂತ, ಅದು ಸಪ್ಪ ಅನಸ್ತು. ಈಗ ಹೊಡದು ಹಾಕಿ 'ಚಪ್ಪಲಿಲ್ಲ' ಅಂತ ಬರದೇನಿ. 'ನಮ್ಮೂರ ಬಿಸಿಲಿಗೆ ಚಪ್ಪಲಿಲ್ಲ.' ಸಿಟ್ಟಾಗಬ್ಯಾಡ. ತಡಿ, ಯಾರೋ ಬಂದ್ರು, ಇಡ್ತೇನಿ."

ಸಿದ್ದಲಿಂಗನ ಮುಖ ಕುಸಿಯಿತು. "ಚಪ್ಪಲಿಲ್ಲ," ಎಂದ ಮೆಲ್ಲಗೆ. "ಹಲ್ಕಟ್. ಎಷ್ಟು ಚಲೋ ಮಾಡ್ಯಾನ." ಆಮೇಲೆ ಮುಖ ಆಚೆ ತಿರುಗಿಸಿ ಕುಳಿತ.

ಪಂಚಶೀಲಾಗೆ ಅವನ ಮೇಲಿನ ಸಿಟ್ಟು ಇಳಿಯಲಿಲ್ಲ. ಆದರೆ ಅನುಮಾನ ಮೊದಲ ಸಲ ಅಲುಗಿತು.

* * *

ಹತ್ತೂವರೆಗೆ ಕಾನ್‌ಸ್ಟೇಬಲ್ ಗುಲಫಶಾ ಓಡಿ ಬಂದಳು. "ಮೇಡಂ, ಮಾಸ್ತರಂದು ಹೊಸಾ ವಿಡಿಯೋ ನೋಡ್ರಿ. ಒಂಬತ್ತಕ್ಕ ಹಾಕ್ಯಾರ."

ಪರದೆಯ ಮೇಲೆ ದೌಲತರಾಯ. ಕಣ್ಣಲ್ಲಿ ನೀರು. "ನಮ್ಮ ಧಮ್ಮಪಾಲನ್ನ ಹೊಡದಾರ! ಯಾರು ಅಂತ ನಾ ಹೇಳೂದು ಬ್ಯಾಡ." ಸ್ವಲ್ಪ ಹೊತ್ತಿಗೆ ನೀರು ಆರಿತು. ನಾಲಿಗೆ ಹರಿತವಾಯಿತು. "ಧಮ್ಮಪಾಲನ ಕೈಯಿಲ್ಲದ ಆ ಸಿದ್ದಲಿಂಗ ಎಂಥಾದ್ದು ಬರೀತಾನ ಕೇಳ್ರಿ. 'ನಮ್ಮೂರ ಬಿಸಿಲಿಗೆ ಚಪ್ಪಲಿಲ್ಲ!' ಬಿಸಿಲಿಗೆ ಯಾರರೆ ಚಪ್ಪಲಿ ಹಾಕ್ತಾರೇನ್ರಿ? ಇದು ಕವಿತಾ? ಇದು ಕಸ!"

ಪಂಚಶೀಲಾ ವಿಡಿಯೋ ನಿಲ್ಲಿಸಿದಳು. ಹಿಂದಕ್ಕೆ ಸರಿಸಿ ಮತ್ತೊಮ್ಮೆ ಕೇಳಿದಳು.

"ಜೀಪ್ ತಗಿ," ಎಂದಳು.

* * *

ದೌಲತರಾಯ ಚಹಾ ಕುಡಿಯುತ್ತಿದ್ದ. "ಬರ್ರಿ, ಬರ್ರಿ. ಅವನ್ನ ಜೈಲಿಗೆ ಹಾಕಿದ್ರೇನು?"

"ಹಾಕ್ತೇವ್ರಿ ಮಾಸ್ತರ. ನಿಮ್ಮಿಂದ ಒಂದು ಸಾಕ್ಷಿ ಬೇಕಾಗೇದ. ಆ ಚಪ್ಪಲಿ ಸಾಲು ನಿಮಗ್ಯಾರು ಹೇಳಿದ್ರು?"

"ಧಮ್ಮಪಾಲನೇ. ನಿನ್ನೆ ಸಭಾ ಮುಗಿದ ಮ್ಯಾಲ ಹಾಡಿ ತೋರಿಸಿದ. 'ನೋಡ್ರಿ ಮಾಸ್ತರ, ಎಂಥಾದ್ದು ಬರೀತಾನ' ಅಂತ ಅತ್ತ ಪಾಪ."

"ಚಪ್ಪಲಿಲ್ಲ ಅಂತಾನೇ ಹಾಡಿದ್ನೇನ್ರಿ?"

"ಹೌದ್ರಿ. ನನ್ನ ಕಿವಿಯಾರೆ ಕೇಳೇನಿ."

"ನಿನ್ನೆ ಆ ಸಾಲಿನ್ಯಾಗ ಚಪ್ಪಲಿ ಇದ್ದಿಲ್ರಿ," ಎಂದಳು ಪಂಚಶೀಲಾ. "ನೆರಳಿಲ್ಲ ಅಂತ ಇತ್ತು. ಇವತ್ತು ಮುಂಜಾನಿ ಆರಕ್ಕ ಧಮ್ಮಪಾಲ ಅದನ್ನ ತಿದ್ದ್ಯಾನ. ಸಿದ್ದಲಿಂಗಗ ಕಳಿಸಿದ ಸುದ್ದಿ ನನ್ನ ಮೇಜಿನ ಮ್ಯಾಲೇ ಮೊದಲ ಸಲ ತೆರೀತು. ಅಂವ ಎಂಟೂವರಿಯಿಂದ ನಮ್ಮ ಕೈಯಾಗ ಇದ್ದಾನ. ಆ ಶಬ್ದ ಇದ್ದದ್ದು ವಹಿಯೊಳಗ ಮಾತ್ರ. ಧಮ್ಮಪಾಲ ಸುದ್ದಿ ಕಳಿಸೂ ಹೊತ್ತಿಗೇ ಯಾರೋ ಒಳಗ ಬಂದ್ರು. ಅವರು ವಹಿ ಓದ್ಯಾರ. ವಹಿ ಎಲ್ಲದ ಮಾಸ್ತರ?"

ದೌಲತರಾಯ ಕಪ್ಪು ಕೆಳಗಿಟ್ಟು ಮೂಲೆಯ ಪೆಟ್ಟಿಗೆಯ ಕಡೆ ನೋಡಿದ.

ವಹಿ ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಸಿಕ್ಕಿತು. ಪುಟ ಪುಟದಲ್ಲೂ ಸಿದ್ದಲಿಂಗನ ಅಕ್ಷರ. ಅಲ್ಲಲ್ಲಿ ಧಮ್ಮಪಾಲನ ಸಣ್ಣ ತಿದ್ದುಪಡಿ.

"ಧಮ್ಮಪಾಲನ ಅಕ್ಷರ ಇರ್ತದ, ಫೋಟೋ ಹೊಡದು ತೋರಸೂನು ಅಂತ ಹೋಗಿದ್ದೆ," ಎಂದ ಅವನು, ಕುರ್ಚಿಯಲ್ಲಿ ಕುಗ್ಗುತ್ತ. "ನೋಡಿದ್ರ ಎಲ್ಲಾ ಆ ಸೊಕ್ಕಿನವಂದೇ. 'ಹೌದ್ರಿ, ಮಾತು ಅವಂದೇ, ನಿಮ್ಮ ಚಾನೆಲ್‌ನ್ಯಾಗ ಬಂದು ನಾನೇ ಹೇಳ್ತೇನಿ' ಅಂದ ಧಮ್ಮಪಾಲ. ನಾಲ್ಕು ವರ್ಷ ಊರೂರಿಗೆ ಹೇಳೇನ್ರಿ. ಜನ ನನ್ನ ಮಾರಿಗೆ ಉಗುಳ್ತಿದ್ರು. ಅಂವ ಆಚೆ ತಿರುಗಿದ, ಸ್ಟ್ಯಾಂಡ್ ಕೈಗೆ ಸಿಕ್ತು..."

"ಯಾರನ್ನ ಉದ್ಧಾರ ಮಾಡ್ತೇನಿ ಅಂದ್ರೋ ಅವನ್ನೇ ಹೊಡದ್ರಿ," ಎಂದಳು ಪಂಚಶೀಲಾ. "ಕಸ ಅಂತ ಬೈದ್ರಲ್ಲ, ಆ ಶಬ್ದಾನೂ ಅವಂದೇ."

 

* * *

ನಾಲ್ಕು ಗಂಟೆಗೆ ಕಲಬುರಗಿಯಿಂದ ಫೋನ್ ಬಂತು. ಧಮ್ಮಪಾಲನಿಗೆ ಎಚ್ಚರವಾಗಿತ್ತು. ಹೊಡೆದವನ ಹೆಸರು ಅವನೇ ಹೇಳಿದ್ದ. ದೌಲತರಾಯ.

ಸಿದ್ದಲಿಂಗನನ್ನು ಬಿಟ್ಟರು. ಅವನು ಬಾಗಿಲಲ್ಲಿ ನಿಂತು ಪಂಚಶೀಲಾಳನ್ನು ದುರುಗುಟ್ಟಿ ನೋಡಿದ. "ನಾನೇ ಹೊಡದೇನಿ ಅಂತ ಮೊದಲೇ ಠರಾವ್ ಮಾಡಿದ್ರಿ ನೀವು."

"ಹೌದು, ಮಾಡಿದ್ದೆ. ತಪ್ಪು ನಂದು," ಎಂದಳು ಅವಳು. "ಪೋಸ್ಟರಿನ ಮ್ಯಾಲ ಅವನ ಮಾರಿ ಯಾಕಿಲ್ಲ? ಆ ತಪ್ಪು ಯಾರ್ದು?"

ಅವನು ಗೇಟಿನ ಕಡೆ ನಡೆದ.

ಗೇಟಿನ ಹೊರಗೆ ಜನ ಮೊಬೈಲ್ ಎತ್ತಿ ಹಿಡಿದಿದ್ದರು. "ಗಿಟಾರ್ ಬರ್ತದೋ ಇಲ್ಲೋ ಹೇಳಲೇ!" ಎಂದು ಒಬ್ಬ ಒದರಿದ.

ಸಿದ್ದಲಿಂಗ ನಡೆಯುವುದನ್ನು ನಿಲ್ಲಿಸಿದ.

"ಬರಂಗಿಲ್ಲ," ಎಂದ. "ಗಿಟಾರಿನ್ಯಾಗ ಬೆರಳಿಡೂ ಮೂರು ಪಟ್ಟು ಬಿಟ್ರ ಬ್ಯಾರೆ ಬರಂಗಿಲ್ಲ. ಟ್ಯೂನ್ ಎಲ್ಲಾ ಧಮ್ಮಪಾಲಂದು. ನಾಲ್ಕು ವರ್ಷ ನಾ ಇದನ್ನ ಎಲ್ಲೂ ಹೇಳಲಿಲ್ಲ."

ಯಾರೋ ಶಿಳ್ಳೆ ಹೊಡೆದರು. ಯಾರೋ ಕೆಟ್ಟದಾಗಿ ಬೈದರು. ಅವನು ಯಾರಿಗೂ ತಿರುಗಿ ಮಾತಾಡಲಿಲ್ಲ. ಗುಂಪನ್ನು ಸೀಳಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಕಲಬುರಗಿಯ ಬಸ್ ಹತ್ತಿದ.