ಒಂದು ಸಾಲಿನ ರಿಪೇರಿ

ಬೆಳಗ್ಗೆ ಹನ್ನೊಂದಕ್ಕೆ ನನ್ನ ಟರ್ಮಿನಲ್, ಅಂದರೆ ಕಂಪ್ಯೂಟರಿಗೆ ಕಮಾಂಡ್ ಟೈಪು ಮಾಡುವ ಪರದೆ, ಮತ್ತೆ ಕಲ್ಲಾಗಿ ಕೂತಿತು.

ಹವಾಮಾನ ಕಚೇರಿಗೆ ಸೇರಿದಾಗಿನಿಂದ, ಅಂದರೆ ಒಂಬತ್ತು ತಿಂಗಳಿಂದ, ಇದೇ ಕಥೆ. ನಿನ್ನೆ ಮೊನ್ನೆ ಕೊಟ್ಟ ಕಮಾಂಡ್ ಹುಡುಕುತ್ತಾ ಹಿಂದೆ ಹೋಗಲು ಕಂಟ್ರೋಲ್-ಆರ್, ತಿರುಗಿ ಮುಂದೆ ಬರಲು ಕಂಟ್ರೋಲ್-ಎಸ್. ಹಿಂದೆ ಹೋಗಬಹುದು. ಮುಂದೆ ಬರಹೋದರೆ ಪರದೆಯೇ ನಿಂತುಬಿಡುತ್ತದೆ.

ಆಗ ಸರ್ವರ್ ರೂಮಿನಿಂದ, ಕಚೇರಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಅವನು ಬರಬೇಕು. ಹೆಗಲ ಮೇಲೆ ಸದಾ ಒಂದು ತಂತಿ ಇರುವುದರಿಂದ ನಮ್ಮೆಲ್ಲರ ಬಾಯಲ್ಲಿ ಅವನು ಕೇಬಲ್ ಸಾಹೇಬ. ನನ್ನ ಕುರ್ಚಿಯ ಬೆನ್ನಿಗೆ ಕೈಯೂರಿ, ಬಾಗಿ, ಕಂಟ್ರೋಲ್-ಕ್ಯೂ ಒತ್ತುತ್ತಾನೆ. ಪರದೆಗೆ ಜೀವ ಬರುತ್ತದೆ. ಅವನು ಮಾತ್ರ ಇನ್ನೂ ಹತ್ತು ನಿಮಿಷ ಅಲ್ಲೇ ನಿಂತು, ಊರ ಮೇಲಿನ ಮಾತೆಲ್ಲ ಆಡಿ ಹೋಗುತ್ತಾನೆ.

ಇವತ್ತು ಬರಲಿಲ್ಲ. ಕಿಟಕಿ ಪಕ್ಕ, ಸೇರಿ ಮೂರು ದಿನವಾದ ಹೊಸ ಹುಡುಗಿಯ ಟೇಬಲ್ ಹತ್ತಿರ ಇದ್ದ. ಅವಳು ಏನೋ ಪಿಸುಗುಟ್ಟಿದಳು, ಇವನು ಹಲ್ಲೆಲ್ಲ ಕಾಣುವಂತೆ ನಕ್ಕ. ಆ ನಗು ನನಗೆಂದೇ ಇಟ್ಟದ್ದು ಅಂದುಕೊಂಡಿದ್ದೆ, ನೋಡಿ, ನನ್ನ ಪೆದ್ದುತನ.

ಮಧ್ಯಾಹ್ನ ಆ ಹುಡುಗಿಯೇ ಅಕ್ಕಾ ಅಂತ ಬಂದು ಕೂತಳು. ಅವಳಿಗೂ ಇದೇ ತೊಂದರೆ ಇತ್ತಂತೆ. ಕಂಟ್ರೋಲ್-ಎಸ್, ಕಮಾಂಡ್ ಓದಿ ನಡೆಸುವ ಶೆಲ್ಲಿಗೆ ತಲುಪುವ ಮೊದಲೇ ಟರ್ಮಿನಲ್ ಅದನ್ನು ನುಂಗಿ, ತನಗೇ ‘ನಿಲ್ಲು’ ಅಂದರೆಂದು ನಿಂತುಬಿಡುತ್ತದಂತೆ. ಸಾಹೇಬರು ಸೆಟ್ಟಿಂಗ್ ಫೈಲಿಗೆ stty -ixon ಅಂತ ಒಂದೇ ಸಾಲು ಸೇರಿಸಿದರಂತೆ. ಎರಡು ನಿಮಿಷದ ಕೆಲಸ, ಇನ್ನು ಯಾವತ್ತೂ ನಿಲ್ಲುವುದಿಲ್ಲವಂತೆ.

ಮೂರು ದಿನದವಳಿಗೆ ಖಾಯಂ ರಿಪೇರಿ, ಒಂಬತ್ತು ತಿಂಗಳವಳಿಗೆ ದಿನಾ ತೇಪೆ!

ನೆಟ್ಟಗೆ ಸರ್ವರ್ ರೂಮಿಗೆ ನುಗ್ಗಿದೆ.

"ಅವಳದ್ದು ಒಂದೇ ಸಾಲಲ್ಲಿ ಸರಿ ಮಾಡಿದ್ರಂತೆ."

"ಹ್ಞೂಂ."

"ಮತ್ತೆ ನನ್ನದು?"

ತಂತಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. "ಅವಳದ್ದು ಸರಿ ಮಾಡಿದ್ದು, ಪದೇ ಪದೇ ಆ ಕಡೆ ಹೋಗೋದು ತಪ್ಪಲಿ ಅಂತ. ನಿಮ್ಮದೂ ಸರಿ ಮಾಡಿಬಿಟ್ರೆ, ಯಾವ ನೆಪ ಹೇಳ್ಕೊಂಡು ಬರಲಿ?"

ಆದರೂ ಬಿಡಲಿಲ್ಲ. "ಹಾಗಾದ್ರೆ ಆ ನಗು?"

"ಆ ಅಕ್ಕ ನಮ್ಮನ್ನೇ ಯಾಕೆ ಹಾಗೆ ಗುರಾಯಿಸ್ತಿದ್ದಾರೆ ಅಂತ ಕೇಳಿದಳು. ಖುಷಿಯಾಗಿಬಿಡ್ತು."

ಮುಖ ಎಲ್ಲಿಡಲಿ? ಅಲ್ಲಿದ್ದ ಫ್ಯಾನುಗಳೆಲ್ಲ ಸೇರಿದರೂ ಕೆನ್ನೆ ತಣ್ಣಗಾಗಲಿಲ್ಲ. ಕೊನೆಗೆ ನಾನೂ ಒಪ್ಪಿಕೊಂಡೆ. "ಕಂಟ್ರೋಲ್-ಕ್ಯೂ ನನಗೂ ಗೊತ್ತು. ಮೊದಲನೇ ವಾರದಿಂದ."

ಅವನನ್ನು ಕರೆದುಕೊಂಡು ಬಂದು, ಆ ಸಾಲನ್ನು ಅವನ ಕೈಯಲ್ಲೇ ಬರೆಸಿದೆ. ಹೊಸ ಟರ್ಮಿನಲ್ ತೆರೆದು ಕಂಟ್ರೋಲ್-ಎಸ್ ಒತ್ತಿದರೆ, ಜಾಣಮರಿಯಂತೆ ಮುಂದಕ್ಕೆ ಹೋಯಿತು.

"ಇನ್ನು ನೆಪ ಇಲ್ವಲ್ಲ," ಅಂದ, ಕೀಬೋರ್ಡಿನಿಂದ ಕಣ್ಣೆತ್ತದೆ.

"ನೆಪ ಬೇಡ. ನಾಳೆಯಿಂದ ಸುಮ್ಮನೆ ಬಾ."

ಒಂಬತ್ತು ತಿಂಗಳು ನಿಂತೇ ಮಾತಾಡಿದವನು, ಮೊದಲ ಸಲ ಪಕ್ಕದ ಕುರ್ಚಿ ಎಳೆದುಕೊಂಡು ಕೂತ.