ಎಡೆಯ ಮುಂದೆ ಮೂಡಿದ ಕಣ್ಣುಗಳು

"ಸತ್ತ ಮಗ್ಳು ಬಂದು ಚಿತ್ರ ಬರ್ದು ಓಗವ್ಳಾ ಇಲ್ವಾ, ಅದೊಂದು ಪತ್ತೆ ಮಾಡ್ಕೊಡಿ ಮೇಡಮ್ಮೋರೇ" ಎಂದು ಕೇಳಿಕೊಂಡು ಬಂದವರು, ನಾನು ಕಂಡಂತೆ, ಬೂದಿಕೋಟೆಯ ವೆಂಕಟೇಶಪ್ಪನವರೊಬ್ಬರೇ.

ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಅದರ ಮಹಡಿಯಲ್ಲಿರುವವರು ಶ್ಯಾಮಲ ಮೇಡಂ, ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಕಳವಾಗಲಿ, ಮನೆಮಂದಿಯ ಜಗಳವಾಗಲಿ, ಸುತ್ತಲ ಊರಿನವರು ಠಾಣೆಗೆ ಹೋಗುವ ಮುಂಚೆ ಇವರ ಬಳಿ ಬರುತ್ತಾರೆ. ಬಂದವರು ಮೊದಲು ನನ್ನ ಅಂಗಡಿಯಲ್ಲಿ ಕೂರಬೇಕು, ಕತೆ ನನ್ನ ಕಿವಿಗೂ ಬೀಳಲೇಬೇಕು. ಅಂಬಿಕಳಿಗೆ ಬಾಯಿ ಜಾಸ್ತಿ, ಪೊಲೀಸಮ್ಮನ ಬಾಲ ಅಂತೆಲ್ಲ ಬೀದಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ, ನನಗೇನು!

ವೆಂಕಟೇಶಪ್ಪನವರು ಹಸು ಸಾಕಿ ಡೈರಿಗೆ ಹಾಲು ಹಾಕುವವರು. ಗಟ್ಟಿ ಆಳು, ಆದರೆ ಅಂಗಿ ಮೈಮೇಲೆ ಜೋತಾಡುತ್ತಿತ್ತು. ಕೊಟ್ಟ ಕಾಫಿಯನ್ನು ಮುಟ್ಟಲೇ ಇಲ್ಲ.

"ಸುಮಲತ ಅಂತ, ಒಬ್ಳೇ ಮಗ್ಳು. ಡೆಂಗಿ ಜರ ಬಂದು ಓಗ್ಬಿಟ್ಲು" ಎಂದರು. "ನಾನ್ ನೋಡಿದ ಗಂಡು ಬ್ಯಾಡ ಅಂದ್ಲು. ಕಂಪ್ಯೂಟರ್‌ನಾಗೆ ಚಿತ್ರ ಬರೆಯೋದು ಕಲೀತೀನಿ ಅಂದ್ಲು. ನಂಗೆ ಸಿಟ್ಟು ನೆತ್ತಿಗೇರ್ತು. ಅವತ್ತಿಂದ ಅವ್ಳ ಮುಖ ನೋಡ್ಲಿಲ್ಲ, ಮಾತಾಡ್ಸಲಿಲ್ಲ. ಒಂದೇ ಮನೇಲಿ ಒಂದ್ ವರ್ಸ."

"ಆಸ್ಪತ್ರೆಯಲ್ಲಿ?" ಮೇಡಂ ಮೆಲ್ಲಗೆ ಕೇಳಿದರು.

"ಪಕ್ಕದಾಗೇ ನಿಂತಿದ್ದೆ. ಸುಮಾ, ಸುಮಾ ಅಂತ ಕೂಗ್ದೆ. ಅವ್ಳು ಕಣ್ ಬಿಡ್ನಿಲ್ಲ."

ಅಯ್ಯೋ ಮಾರಾಯ, ಒಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆಯಲ್ಲ ಅಂತ ಬೈಯಬೇಕು ಅನ್ನಿಸಿತು. ಆ ಮುಖ ನೋಡಿ, ತಣ್ಣಗಾದ ಕಾಫಿ ಲೋಟ ಎತ್ತಿಕೊಂಡೆ.

ಮುಂದಿನದು ಹೀಗೆ. ಸುಮ ತೀರಿಕೊಂಡ ಮೇಲೆ ಈತ ಅನ್ನ ಬಿಟ್ಟಿದ್ದರು. ತಿಥಿಯ ದಿನ ಅವಳ ಫೋಟೋದ ಮುಂದೆ ಎಡೆಯಿಟ್ಟು, ಅವಳಿಗೆ ಇಷ್ಟವಾಗಿದ್ದ ತಿಂಡಿಗಳ ಜೊತೆ ಅವಳ ಲ್ಯಾಪ್‌ಟಾಪನ್ನೂ ಚಿತ್ರ ಬರೆಯುವ ಪೆನ್ ಟ್ಯಾಬನ್ನೂ ಇಟ್ಟರು. ಹೋದ ಜೀವ ಬಂದು ಉಣ್ಣಲಿ ಅಂತ ಬಾಗಿಲು ಹಾಕಿ ಎಲ್ಲರೂ ಹೊರಗೆ ಕೂತರು. ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟಿದ್ದು ಸುಮ ಅರ್ಧಕ್ಕೆ ಬಿಟ್ಟಿದ್ದ ಚಿತ್ರ. ಹಸುವಿನ ಪಕ್ಕದಲ್ಲಿ ಕೂತ ಅಪ್ಪ. ಮೀಸೆ, ಟವೆಲ್ಲು, ಹಣೆಯ ಗೆರೆ ಎಲ್ಲ ಇದೆ, ಕಣ್ಣು ಮಾತ್ರ ಇಲ್ಲ. ಬಾಗಿಲು ತೆಗೆದಾಗ ಚಿತ್ರದಲ್ಲಿ ಕಣ್ಣುಗಳು ಮೂಡಿದ್ದವು.

"ಅವತ್ತು ಉಂಡೆ ಮೇಡಮ್ಮೋರೇ. ನನ್ ಮಗ್ಳು ನನ್ನ ಕ್ಸಮಿಸವ್ಳೆ ಅಂತ ಒಟ್ಟೆ ತುಂಬಾ ಉಂಡೆ. ಆಮೇಲಿಂದ ದಿನಾ ಎಡೆ ಇಕ್ಕಿ ಬಾಗ್ಲಾಗೆ ಕುಂತವ್ನಿ. ಮತ್ತೆ ಬರ್ಲೇ ಇಲ್ಲ. ಯಾರೋ ಬರೆದವ್ರೆ ಕಣಪ್ಪಾ ಅಂತಾನೆ ಮಗ. ನಿಜ ಯಾವ್ದು ಯೋಳಿ. ಬಂದಿದ್ಲಾ, ಇಲ್ವಾ?"

ನಾವು ಅಂದೇ ಬೂದಿಕೋಟೆಗೆ ಬಸ್ಸು ಹತ್ತಿದೆವು.

ಎಡೆಯಿಟ್ಟ ಕೋಣೆಗೆ ಒಂದೇ ಬಾಗಿಲು, ಸರಳು ಹಾಕಿದ ಒಂದು ಕಿಟಕಿ. ಸುಮಳ ಅಣ್ಣ ಮುನೀಂದ್ರ, ಬೋಳಿಸಿದ ತಲೆಯಲ್ಲಿ ಕೂದಲು ಆಗತಾನೇ ಚಿಗುರುತ್ತಿದ್ದ ಹುಡುಗ, ನಮ್ಮನ್ನು ಒಳಗೆ ಕರೆದುಕೊಂಡು ಹೋದ. ಕರ್ಮ ಮಾಡಿದವನು ಅವನೇ. ಕೆರೆಯ ಹತ್ತಿರ ಪಿಂಡವಿಟ್ಟು, ಕಾಗೆ ಮುಟ್ಟುವವರೆಗೂ ಕಾದು, ಒದ್ದೆ ಪಂಚೆಯಲ್ಲಿ ಮನೆಗೆ ಬರುವಷ್ಟರಲ್ಲಿ ಬಾಗಿಲು ಹಾಕಿಯಾಗಿತ್ತಂತೆ. ಕೆರೆಯಲ್ಲಿ ನೆಂಟರೆಲ್ಲ ಅವನ ಜೊತೆಗಿದ್ದರು.

"ಹೆಜ್ಜೆ ನೋಡೋಕೆ ಅಂತ ನೆಲಕ್ಕೆ ಅಕ್ಕಿಹಿಟ್ಟು ಉದುರಿಸಿದ್ರು. ಬಾಗ್ಲು ತೆಗೆದೋನು ನಾನೇ ಮೇಡಂ. ಹಿಟ್ಟಿನ ಮೇಲೆ ಒಂದು ಗುರುತೂ ಇರ್ಲಿಲ್ಲ" ಎಂದ.

"ಉದುರಿಸಿದ್ದು ಯಾರು?"

"ಅಮ್ಮ. ದೀಪ ಹಚ್ಚಿ, ಹಿಟ್ಟು ಉದುರಿಸ್ತಾ ಹಿಂದಕ್ಕೆ ಬಂದು, ಬಾಗ್ಲು ಎಳ್ಕೊಂಡ್ರಂತೆ."

ಪೆನ್ ಟ್ಯಾಬ್ ಅಂದರೆ ಕರಿ ಸ್ಲೇಟಿನಂಥ ಹಲಗೆ. ಅದರ ಮೇಲೆ ಪ್ಲಾಸ್ಟಿಕ್ ಪೆನ್ನಿನಿಂದ ಗೀಚಿದರೆ ಹಲಗೆಯಲ್ಲಿ ಏನೂ ಕಾಣುವುದಿಲ್ಲ, ಗೆರೆ ಮೂಡುವುದು ಎದುರಿನ ಪರದೆಯಲ್ಲಿ. ಒತ್ತಿದಷ್ಟೂ ಗೆರೆ ದಪ್ಪ. ಕೈ ಒಂದು ಕಡೆ, ನೋಟ ಇನ್ನೊಂದು ಕಡೆ. ಮದುವೆ ಆಲ್ಬಂ ತಿದ್ದಲು ನಾನೂ ಒಂದನ್ನು ತಂದಿಟ್ಟುಕೊಂಡಿದ್ದೇನೆ. ಕಲಿಯುವಾಗ ಅದನ್ನೆತ್ತಿ ಬೀದಿಗೆ ಎಸೆಯಬೇಕು ಅನ್ನುವಷ್ಟು ರೇಗಿತ್ತು.

ಸುಮಳ ಟ್ಯಾಬನ್ನು ತಿಥಿಯ ದಿನದಿಂದ ಯಾರೂ ಒರೆಸಿರಲಿಲ್ಲ, ವೆಂಕಟೇಶಪ್ಪನವರು ಮುಟ್ಟಗೊಟ್ಟಿರಲಿಲ್ಲ. ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿತ್ತು. ಅದಲ್ಲದೆ ನಡುವಿನಿಂದ ತುಸು ಮೇಲೆ, ಪಕ್ಕಪಕ್ಕದಲ್ಲಿ ಎರಡು ಕುಂಕುಮದ ಚುಕ್ಕಿಗಳಿದ್ದವು. ಮೇಡಂ ಅವುಗಳನ್ನೇ ನೋಡುತ್ತ ನಿಂತರು.

ನಾನು ಪರದೆಯ ಚಿತ್ರದ ಕಡೆ ಬಗ್ಗಿದೆ. ಮುಖದ ಗೆರೆಗಳು ಸಣ್ಣಗೆ, ಹಗುರ. ಕಣ್ಣಿನ ಗೆರೆ ಮಾತ್ರ ಉದ್ದಕ್ಕೂ ದಪ್ಪ. ಒಂದೊಂದು ಕಣ್ಣನ್ನೂ ಪೆನ್ನು ಎತ್ತದೆ ಒಂದೇ ಎಳೆಯಲ್ಲಿ ಸುತ್ತಿದ್ದರು. ಆ ಕಣ್ಣುಗಳು ಹಸುವನ್ನೂ ನೋಡುತ್ತಿರಲಿಲ್ಲ, ನಮ್ಮನ್ನೂ ನೋಡುತ್ತಿರಲಿಲ್ಲ. ಕೆಳಗೆ, ನೆಲದ ಮೇಲೆ ಇರುವ ಏನನ್ನೋ ಅಕ್ಕರೆಯಿಂದ ನೋಡುತ್ತಿದ್ದವು.

"ಅಂಬಿಕ, ಆ ಎಡಗಡೆ ಚುಕ್ಕಿಯ ಮೇಲೆ ಪೆನ್ನು ಹಿಡಿ. ತಾಗಿಸಬೇಡ" ಎಂದರು ಮೇಡಂ.

ಹಿಡಿದೆ. ಪರದೆಯ ಬಾಣ ಹೋಗಿ ಎಡಗಣ್ಣಿನ ನಟ್ಟನಡುವೆ ನಿಂತಿತು. ಇನ್ನೊಂದು ಚುಕ್ಕಿಗೆ ಹಿಡಿದರೆ ಬಲಗಣ್ಣು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಕಣ್ಣಲ್ಲೇ ಗದರಿದರು.

ಸುಮಳ ತಾಯಿ ಮುನಿಗಂಗಮ್ಮ ಮಜ್ಜಿಗೆ ತಂದಿಟ್ಟು ಗೋಡೆಗೊರಗಿ ಕೂತರು. ಒಂದು ಮಾತೂ ಆಡಲಿಲ್ಲ. ನಾವು ಹೊರಡುವಾಗ ಅಂಗಳ ಬರಿದಾಗಿದ್ದನ್ನು ನೋಡಿ ಮೇಡಂ ಕೇಳಿದ್ದಕ್ಕೆ ಮುನೀಂದ್ರ, "ಸುಮಂಗೆ ಚಿತ್ರದ ಹುಚ್ಚು ಹಿಡಿಸಿದ್ದೇ ಅಮ್ಮನ ರಂಗೋಲಿ. ತಿಥಿ ಕಳೆದ ಮೇಲೂ ಅಮ್ಮ ಒಂದು ಚುಕ್ಕಿ ಇಟ್ಟಿಲ್ಲ" ಎಂದು ಮುಖ ಆ ಕಡೆ ತಿರುಗಿಸಿಕೊಂಡ.

ಮಾರನೆಯ ದಿನ ಕೆಜಿಎಫ್‌ನ ಮೈಸೂರು ಮೈನ್ಸ್‌ಗೆ ಹೋದೆವು. ಸುಮಳಿಗೆ ಚಿತ್ರ ಕಲಿಸುತ್ತಿದ್ದ ಸೆಲ್ವಿ ಅಲ್ಲಿ ಗಣಿ ಕೆಲಸದವರ ಲೈನ್ ಮನೆಯಲ್ಲಿದ್ದಳು. ತಿಥಿಯ ದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟವಳು ಅವಳೇ. ನಿಜ ಹೇಳಬೇಕೆಂದರೆ, ಬರೆದವಳೂ ಇವಳೇ ಅಂತ ನಾನು ಬಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ.

"ಸಾಮಿ ಸತ್ಯವಾ ನಾನಿಲ್ಲ ಅಕ್ಕಾ!" ಸೆಲ್ವಿ ಅತ್ತೇಬಿಟ್ಟಳು. "ಅವಳು ಕಣ್ಣು ಬರೆಯಕ್ಕೆ ನನ್ನ ಬಿಡ್ತಾನೇ ಇರಲಿಲ್ಲ. ಅಪ್ಪ ನನ್ನ ಮುಖ ನೋಡಿದ ದಿನ ನಾನೇ ಬರೀತೀನಿ ಅಂತಿದ್ಲು. ಅಪ್ಪ ನೋಡಿದ್ರೆ ಕಣ್ಣು ಹೆಂಗಿರುತ್ತೆ ಅಂತ ಮರೆತೇ ಹೋಯ್ತು ಸೆಲ್ವಿ ಅಂತಿದ್ಲು. ಮತ್ತೆ, ಕಣ್ಣು ಮುಖದ ಲೇಯರಲ್ಲೇ ಇದೆ ನೋಡಿದ್ರಾ? ನಾವು ಹಂಗೆ ಮಾಡಲ್ಲ. ಹೊಸದು ಬರೆಯೋಕೆ ಮೊದಲು ಬೇರೆ ಲೇಯರ್ ಹಾಕ್ತೀವಿ, ಮೇಲೆ ಗಾಜು ಇಟ್ಟ ಹಂಗೆ. ತಪ್ಪಾದ್ರೆ ಅದೊಂದೇ ತೆಗೀಬಹುದು. ನಾನು ಅವಳಿಗೆ ಹೇಳಿಕೊಟ್ಟ ಮೊದಲ ಪಾಠ ಅದು."

"ಕಡೆಗೆ ಕೋಣೆಯಲ್ಲಿ ಉಳಿದವರು ಯಾರು?"

"ಅಮ್ಮ. ಒಳಗೆ ತುಂಬಾ ಹೊತ್ತು ಅಳ್ತಾ ಇದ್ರು. ಹೊರಗೆ ಬನ್ನಿ ಅಂತ ಯಾರು ಕರೀತಾರೆ ಮೇಡಂ? ಮಗಳನ್ನ ಕಳ್ಕೊಂಡೋರು."

"ಸುಮಳ ಕೈ ಹೇಗೆ? ಪೆನ್ನು ಒತ್ತಿ ಬರೆಯುತ್ತಿದ್ದಳಾ?"

"ಇಲ್ಲವೇ ಇಲ್ಲ, ಹೂವಿನ ಕೈ. ಆದ್ರೆ ಪೆನ್ನಿನ ಮೊಳೆ, ಅದೇ ಆ ತುದಿ, ಬೇಗ ಸವೀತಿತ್ತು. ಮನೇಲಿ ಯಾರು ಒತ್ತಿ ಬರೀತಾರೆ ಅಂದ್ರೆ ಸುಮ್ಮನೆ ನಗ್ತಿದ್ಲು."

ವಾಪಸು ಬರುವಾಗ ಮೇಡಂ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಅಷ್ಟರಲ್ಲಿ ನನಗೂ ಗೊತ್ತಾಗಿತ್ತು.

"ಹೇಳಬೇಡಿ ಮೇಡಂ, ನಿಮ್ಮ ದಮ್ಮಯ್ಯ. ಮಗಳು ಬಂದಿದ್ದಳು ಅಂದುಕೊಂಡು ಆ ಮನುಷ್ಯ ನಾಲ್ಕು ತುತ್ತು ತಿನ್ನಲಿ" ಎಂದೆ.

"ದಿನಾ ಬಾಗಿಲ ಮುಂದೆ ಕೂತು, ಇವತ್ತೂ ಬರಲಿಲ್ಲ ಅಂತ ಏಳುತ್ತಾನಲ್ಲ ಅಂಬಿಕ. ಅದೇನು ಬದುಕೇ?"



ಆ ಭಾನುವಾರ ಬೂದಿಕೋಟೆಯ ಮನೆಯ ನಡುಮನೆಯಲ್ಲಿ ಎಲ್ಲರೂ ಸೇರಿದೆವು. ಸೆಲ್ವಿಯೂ ಬಂದಿದ್ದಳು.

"ವೆಂಕಟೇಶಪ್ಪನವರೇ, ಬೇಡ ಅಂದರೆ ಈಗಲೇ ಎದ್ದು ಹೋಗುತ್ತೇನೆ" ಎಂದರು ಮೇಡಂ.

"ಯೋಳಿ. ಕಾದು ಕಾದು ಸಾಕಾಗೈತೆ."

"ಹಾಗಾದರೆ ಕೇಳಿ. ಬಾಗಿಲು ಹಾಕಿದ ಮೇಲೆ ಕೋಣೆಗೆ ಯಾರೂ ಬರಲಿಲ್ಲ. ಹಿಟ್ಟು ಕದಲಿರಲಿಲ್ಲ. ಅಂದರೆ ಹಿಟ್ಟು ಉದುರಿಸುವ ಮೊದಲೇ ಕಣ್ಣು ಬರೆದಾಗಿತ್ತು. ಮುನೀಂದ್ರ ಆಗ ಕೆರೆಯ ಹತ್ತಿರ ನೆಂಟರ ನಡುವೆ ಇದ್ದ. ಸೆಲ್ವಿ ಬರೆದಿದ್ದರೆ ಬೇರೆ ಲೇಯರಿನಲ್ಲಿ ಬರೆಯುತ್ತಿದ್ದಳು, ಅಭ್ಯಾಸ ಕೈ ಬಿಡುವುದಿಲ್ಲ. ಅವಳಿಗೆ ಕುಂಕುಮದ ಚುಕ್ಕಿಯೂ ಬೇಕಿರಲಿಲ್ಲ. ಆ ಎರಡು ಚುಕ್ಕಿ ಪೂಜೆಗೆ ಇಟ್ಟದ್ದಲ್ಲ. ಪರದೆ ನೋಡಿಕೊಂಡು ಕೈ ಓಡಿಸಲು ಬಾರದವರು, ಪೆನ್ನನ್ನು ಹಲಗೆಯ ಮೇಲೆ ಆಡಿಸಿ, ಬಾಣ ಕಣ್ಣಿನ ಜಾಗಕ್ಕೆ ಬಂದಾಗ ಅಲ್ಲಿ ಗುರುತಿಟ್ಟುಕೊಂಡಿದ್ದಾರೆ. ಆಮೇಲೆ ಕೈಯನ್ನೇ ನೋಡುತ್ತ, ಚುಕ್ಕಿಯ ಸುತ್ತ, ಎತ್ತದೆ ಒಂದೇ ಎಳೆ ಎಳೆದಿದ್ದಾರೆ. ಮೊದಲು ಚುಕ್ಕಿ, ಆಮೇಲೆ ಗೆರೆ. ಹಾಗೆ ಬರೆಯುವವರು ಯಾರು?"

ಮುನೀಂದ್ರ ಬಾಗಿಲಾಚೆ ಬರಿದಾದ ಅಂಗಳದ ಕಡೆ ನೋಡಿದ. ಆಮೇಲೆ ತಾಯಿಯ ಕಡೆ ತಿರುಗಿದ.

"ಪೆನ್ನಿನ ಮೊಳೆ ಸವೆಸಿದ್ದೂ ಅದೇ ಕೈ" ಎಂದರು ಮೇಡಂ. "ಸುಮ ಅಮ್ಮನಿಗೂ ಕಲಿಸುತ್ತಿದ್ದಳು."

"ಅಮ್ಮಾ! ಅಪ್ಪಂಗೆ ಇಂಥಾ ಸುಳ್ಳಾ?" ಮುನೀಂದ್ರ ಕಿರುಚಿದ.

"ಅನ್ನ ಬಾಯಿಗಿಕ್ಕಿರ್ಲಿಲ್ಲ ಕಣ್ಲಾ!" ಮುನಿಗಂಗಮ್ಮನ ದನಿ ಅವತ್ತು ಮೊದಲ ಸಲ ಎದ್ದಿತು. "ಅವ್ಳ ಇಂದೆನೇ ಈಯಪ್ಪನೂ ಓಗ್ಬಿಟ್ರೆ ನಾನೇನ್ ಮಾಡ್ಲಿ? ಈಯಪ್ಪ ಡೈರಿಗೆ ಓದ ಮ್ಯಾಕೆ ನನ್ನ ಕೂರಿಸ್ಕೊಂಡು ಕಲಿಸ್ತಿದ್ಲು. ನಂಗೆ ಮ್ಯಾಕೆ ನೋಡ್ಕೊಂಡು ಬರೆಯಾಕೆ ಬರ್ನಿಲ್ಲ. ರಂಗೋಲಿ ಅಂದ್ಕೋಮ್ಮ, ಚುಕ್ಕಿ ಇಟ್ಕೋ ಅಂದ್ಲು. ಬೆಳ್ಳು ಇಡಿದು ಬರೆಸಿದ್ಲು."

ಸೆಲ್ವಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ಅಳುತ್ತಿದ್ದಳು. ನನಗೂ ತಡೆಯಲಾಗಲಿಲ್ಲ. ವೆಂಕಟೇಶಪ್ಪನವರು ಮಾತ್ರ ಪರದೆಯನ್ನೇ ನೋಡುತ್ತಿದ್ದರು.

"ಒಂದು ಮಾತ್ರ ನನಗೆ ತಿಳಿಯಲಿಲ್ಲ" ಎಂದರು ಮೇಡಂ. "ಈ ನೋಟವನ್ನು ಎಲ್ಲಿಂದ ತಂದಿರಿ ಮುನಿಗಂಗಮ್ಮ? ಒಂದು ವರ್ಷ ಈತ ಮಗಳನ್ನು ನೋಡಿರಲೇ ಇಲ್ಲವಲ್ಲ."

"ಯಾಕ್ ನೋಡಿಲ್ಲ? ದಿನಾ ನೋಡ್ತಿದ್ದ." ಮುನಿಗಂಗಮ್ಮ ಗಂಡನ ಕಡೆ ತಿರುಗಿದರು. "ಆಲು ಕರೆಯಾಕೆ ಓಗೋ ಮುಂಚೆ, ಅವ್ಳು ಇನ್ನಾ ಮಲಗಿರೋವಾಗ, ನೀನು ಚಾಪೆ ತಾವ ಬಂದು ನಿಂತ್ಕೊಂತಿದ್ದೆ. ದುಪ್ಪಟಿ ಒದ್ದಾಕಿದ್ರೆ ಎಳ್ದು ಮುಚ್ತಿದ್ದೆ. ನಾನು ನಿದ್ದೆ ಮಾಡ್ದಂಗೆ ಬಿದ್ಕೊಂಡು ನೋಡ್ತಿದ್ದೆ. ಆ ಕಣ್ಣೇ ನಾನು ಬರೆದಿದ್ದು."

ವೆಂಕಟೇಶಪ್ಪನವರು ಪರದೆ ಬಿಟ್ಟು ಹೆಂಡತಿಯ ಕಡೆ ತಿರುಗಿದರು.

"ಅವ್ಳಿಗೆ ಯೋಳಿದ್ಯಾ? ನಾನ್ ನೋಡ್ತಿದ್ದೆ ಅಂತ?"

ಮುನಿಗಂಗಮ್ಮ ಅಡ್ಡಡ್ಡ ತಲೆಯಾಡಿಸಿದರು.

"ಇಲ್ಲ. ನೀನೇ ಯೋಳ್ತೀಯ ಅಂತ ಕಾಯ್ತಿದ್ದೆ."