ಮೂಲೆ ಮಡಚಿದ ಪೊಟ್ಟಣ

ಸೋಮವಾರ ಬೆಳಿಗ್ಗೆ 11-20. ಹೊಲಿಗೆ ಕಾರ್ಖಾನೆಯ ಹೆಂಗಸೊಬ್ಬಳು ಠಾಣೆಯ ಮೆಟ್ಟಿಲು ಹತ್ತಿ ಬಂದಳು. ಕೆಲಸಕ್ಕೆ ಹೊರಟವಳು ಅರ್ಧ ದಾರಿಯಲ್ಲಿ ತಿರುಗಿದಂತೆ ಮೈಮೇಲೆ ನೀಲಿ ಮೇಲಂಗಿ, ಎದೆಯ ಹತ್ತಿರ ಚುಚ್ಚಿದ ಮೂರು ಗುಂಡುಸೂಜಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ.

"ಏನು ದೂರು?" ಇನ್ಸ್‌ಪೆಕ್ಟರ್ ಕೇಳಿದರು.

"ನನ್ನ ಮಗಳು ಬೆಳಿಗ್ಗೆ ಸತ್ತಳು. ಏನು ತಿಂದು ಸತ್ತಳು ಅಂತ ನನಗೆ ಗೊತ್ತಾಗ್ಬೇಕು."

"ದೂರು ಯಾರ ಮೇಲಮ್ಮ?"

"ಅದು ಗೊತ್ತಿದ್ರೆ ಇಲ್ಲಿಗೆ ಯಾಕೆ ಬರ್ತಿದ್ದೆ? ನಮ್ಮನೆಯವರು ನೀನೇ ಕೊಂದೆ ಅಂತಿದ್ದಾರೆ. ಬೇಕಾದ್ರೆ ನನ್ನ ಹೆಸರೇ ಬರ್ಕೊಳಿ."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟು ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ. ಚೀಲದಿಂದ ಆಸ್ಪತ್ರೆಯ ಕಾರ್ಡೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದಿತ್ತು: ಪೆನ್ಸಿಲಿನ್ ಜಾತಿಯ ಯಾವ ಔಷಧವನ್ನೂ ಈ ಮಗುವಿಗೆ ಎಂದೂ ಕೊಡಬಾರದು.

ಮಗುವಿಗೆ ಆರು ವರ್ಷ. ಎರಡು ವರ್ಷದ ಹಿಂದೆ ಆ ಔಷಧ ಕುಡಿದು ಮುಖ ಕುಂಬಳಕಾಯಿಯಂತೆ ಊದಿ, ಉಸಿರು ನಿಂತೇಹೋಗಿತ್ತು. ಕೊಟ್ಟ ಆಸ್ಪತ್ರೆಯವರೇ ಹೇಗೋ ಉಳಿಸಿ, ಈ ಕಾರ್ಡು ಬರೆದು ಕಳಿಸಿದ್ದರು. ಅಂದಿನಿಂದ ತಾಯಿ ಆಸ್ಪತ್ರೆಯ ಗೇಟು ಕಂಡರೆ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದಳು. ಈಗ ನಾಲ್ಕು ದಿನದಿಂದ ಮಗುವಿಗೆ ಕೆಮ್ಮು, ಜ್ವರ. ಭಾನುವಾರ ಸಂಜೆ ನಾಟಿ ಔಷಧದ ಪುಡಿ ಕೊಡುವ ಪಂಡಿತನ ಹತ್ತಿರ ಕರೆದುಕೊಂಡು ಹೋದಳು. ಸೋಮವಾರ ಬೆಳಿಗ್ಗೆ 7-10ಕ್ಕೆ ಮೊದಲ ಪೊಟ್ಟಣವನ್ನು ಬಿಸಿನೀರಿನಲ್ಲಿ ಕದಡಿ ಕುಡಿಸಿದಳು. 7-25ಕ್ಕೆ ತುಟಿ ತುರಿಸುತ್ತದೆ ಎಂದಿತು ಮಗು. 8-05ಕ್ಕೆ ಆಸ್ಪತ್ರೆಯ ಬಾಗಿಲು ಮುಟ್ಟಿದಾಗ ಜೀವ ಇರಲಿಲ್ಲ.

"ಡಾಕ್ಟ್ರಮ್ಮ ಎಲ್ಲರೆದುರಿಗೆ ಕೇಳಿದ್ರು, ಗೊತ್ತಿದ್ದೂ ಮತ್ತೆ ಅದೇ ಔಷಧಿ ಯಾಕೆ ಕೊಟ್ಟೆ ಅಂತ. ನಾನು ಕೊಟ್ಟಿದ್ದು ಬೇರು, ಎಲೆ ಸಾರ್! ಅದರ ಭಯಕ್ಕೇ ಅಲ್ವಾ ಪಂಡಿತರ ಹತ್ರ ಹೋಗಿದ್ದು?"

ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ ಗೆರೆ ಎಳೆದು ಬಿಟ್ಟರು.

ಆಸ್ಪತ್ರೆಯ ಡಾಕ್ಟರಮ್ಮನ ಎದುರು ನೂರಾರು ಜನರ ಸಾಲಿತ್ತು. ಒಂದು ಕೈಯಲ್ಲಿ ಚೀಟಿ ಬರೆಯುತ್ತಲೇ ಉತ್ತರ ಕೊಟ್ಟರು.

"ಗಂಟಲು ಊದಿದೆ, ಮೈಯೆಲ್ಲ ದದ್ದು. ಆ ಔಷಧಿದೇ ಲಕ್ಷಣ. ಹಾಗಂತ ನೂರಕ್ಕೆ ನೂರು ಹೇಳೋಕಾಗಲ್ಲ."

"ಅಡ್ಡಗೋಡೆ ಮೇಲೆ ದೀಪ ಇಡಬೇಡಿ ಡಾಕ್ಟ್ರೇ."

"ವರದಿ ಬರ್ಲಿ, ಬರೆದುಕೊಡ್ತೀನಿ. ಮುಂದಿನವರು ಬನ್ನಿ."

ಹೊರಗೆ ಬಂದಾಗ ಹಿರಿಯ ಪೇದೆ ಗೊಣಗಿದ. "ಇದಕ್ಕೇ ಸಾರ್ ನಾನು ಇಲ್ಲಿಗೆ ಕಾಲಿಡಲ್ಲ. ಹೋದ ತಿಂಗಳು ನನಗೂ ಜ್ವರ, ಕೆಮ್ಮು. ಪಂಡಿತರ ಪುಡಿ ತಿಂದೆ, ನಾಲ್ಕೇ ದಿನಕ್ಕೆ ಎದ್ದು ಕೂತೆ. ಅಲ್ಲಿ ಹೋಗಿ ಮಹಜರು ಮಾಡು ಅಂದ್ರೆ ನನ್ನ ಮುಖ ಎಲ್ಲಿಡ್ಲಿ?"

"ಟೋಪಿಯ ಕೆಳಗೆ ಇಡು. ನಡಿ."

ಮಧ್ಯಾಹ್ನ 2-30ಕ್ಕೆ ಪಂಡಿತನ ಅಂಗಡಿಯಲ್ಲಿ ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. ಮುಂದಿನ ಕೋಣೆಯಲ್ಲಿ ಎರಡು ಬೆಂಚು, ಪಂಡಿತನ ಕುರ್ಚಿ. ಹಿಂದಿನ ಕೋಣೆಗೆ ಹಸಿರು ಪರದೆ. ಪರದೆಗೆ ತಾಗಿದಂತೆ ಮಕ್ಕಳನ್ನು ಕೂರಿಸುವ ಗಿಡ್ಡ ಬೆಂಚು. ಗೋಡೆಯಲ್ಲೊಂದು ಹಲಗೆ: ಆಸ್ಪತ್ರೆಯ ಕಾಗದ, ಮಾತ್ರೆ ಒಳಗೆ ತರಬಾರದು.

ಪಂಡಿತ ನಾಡಿ ನೋಡಿ ಹೇಳುತ್ತಿದ್ದ, ಹೆಂಡತಿ ಪರದೆಯ ಹಿಂದೆ ಪೊಟ್ಟಣ ಕಟ್ಟಿ ಕೊಡುತ್ತಿದ್ದಳು. ಇಪ್ಪತ್ತು ವರ್ಷದಿಂದ ಹೀಗೇ.

"ಆ ಮಗುವಿನ ತಾಯಿ ನಿಮಗೆ ಕಾರ್ಡು ತೋರಿಸಿದ್ದಳಾ?"

"ತೆಗೆದಳು. ಅದನ್ನ ಒಳಗೆ ಹಾಕು ಅಂದೆ. ಆ ಕಾಗದ ನೋಡಿ ನಾನು ವೈದ್ಯ ಮಾಡಿದವನಲ್ಲ."

"ಓದಲಿಲ್ಲ?"

"ಯಾಕೆ ಓದ್ಲಿ? ನನ್ನ ಪುಡಿಯಿಂದ ಒಂದು ಇರುವೆ ಸತ್ತಿದ್ರೆ ತೋರ್ಸಿ ಇನ್ಸ್‌ಪೆಕ್ಟರೇ. ಅಪ್ಪ, ಅಜ್ಜನ ಕಾಲದ್ದು!" ಎಂದು ಡಬ್ಬಿಯಿಂದ ಒಂದು ಚಮಚ ಪುಡಿ ಬಾಯಿಗೆ ಸುರಿದುಕೊಂಡು ನುಂಗಿ ತೋರಿಸಿದ.

ಪರದೆಯ ಹಿಂದೆ ಹೆಂಡತಿ ನಿಂತಿದ್ದಳು. ಮಗು ಸತ್ತ ಸುದ್ದಿ ಅವಳಿಗೆ ಆಗ ತಾನೇ ತಿಳಿದಿತ್ತು. ಅವಳ ಕೈಯಲ್ಲಿದ್ದ ಕಾಗದದ ಚೂರು ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡಳು. ಅದನ್ನು ಯಾರೂ ಪಂಚನಾಮೆಯಲ್ಲಿ ಬರೆಯಲಿಲ್ಲ.

ಪಂಡಿತನ ಡಬ್ಬಿಯ ಪುಡಿ, ಸತ್ತ ಮಗುವಿನ ಮನೆಯಲ್ಲಿ ಉಳಿದಿದ್ದ ಒಂಬತ್ತು ಪೊಟ್ಟಣ, ಎರಡನ್ನೂ ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು. ಬಾಗಿಲು ಮುಚ್ಚಿಸಿ ಎಂದು ಆರೋಗ್ಯ ಇಲಾಖೆಗೆ ಪತ್ರ ಹೋಯಿತು. ಪತ್ರ ತಲುಪಿದೆ ಎಂಬ ಪತ್ರ ಬಂತು. ಪಂಡಿತನ ಬೆಂಚು ಒಂದು ದಿನವೂ ಖಾಲಿ ಬೀಳಲಿಲ್ಲ. ಬೀಳುವುದು ಹೇಗೆ? ಅಲ್ಲಿ ಕೂತಿದ್ದ ಮುದುಕಿಯೊಬ್ಬಳು ಪೇದೆಗೆ ಹೇಳಿದ್ದು ಸುಳ್ಳೇನಲ್ಲ. "ಆಸ್ಪತ್ರೇಲಿ ಚೀಟಿ ನೋಡ್ತಾರೆ ಕಣಪ್ಪ, ಮುಖ ನೋಡಲ್ಲ. ಇವರು ಮುಖನಾದ್ರೂ ನೋಡ್ತಾರೆ."

ಒಂಬತ್ತನೆಯ ದಿನ ವರದಿ ಬಂತು. ಮಗುವಿನ ಒಂಬತ್ತೂ ಪೊಟ್ಟಣದಲ್ಲಿ ಪೆನ್ಸಿಲಿನ್ ಜಾತಿಯ ಔಷಧ ಬೆರೆತಿತ್ತು. ಪಂಡಿತನ ಡಬ್ಬಿಯಲ್ಲಿ ಬರೀ ಎಲೆ, ತೊಗಟೆ.

ಅಂದರೆ ಡಬ್ಬಿಯಿಂದ ಪೊಟ್ಟಣಕ್ಕೆ ಹೋಗುವ ನಡುವೆ ಏನೋ ಸೇರುತ್ತಿತ್ತು. ಬುಧವಾರ ಇಡೀ ದಿನ ಪೇದೆಗಳು ಪಂಡಿತನ ರೋಗಿಗಳ ಮನೆಮನೆ ಅಲೆದು ಉಳಿದ ಪೊಟ್ಟಣ ತಂದರು. ಇಪ್ಪತ್ತಾಯಿತು. ಹಿರಿಯ ಪೇದೆ ನಾಚಿಕೊಂಡು ತನ್ನ ಅಂಗಿಯ ಜೇಬಿನಿಂದ ಇಪ್ಪತ್ತೊಂದನೆಯದನ್ನು ತೆಗೆದಿಟ್ಟ.

ಮೇಜಿನ ಮೇಲೆ ಹರಡಿದ ಪೊಟ್ಟಣಗಳನ್ನು ನೋಡುತ್ತಿದ್ದ ಮಹಿಳಾ ಪೇದೆ ಒಂದನ್ನು ಎತ್ತಿದಳು.

"ಸಾರ್, ಇದರ ಒಂದು ಮೂಲೆ ಒಳಕ್ಕೆ ಮಡಚಿದೆ. ಅದರದ್ದು ಇಲ್ಲ. ಇದರದ್ದೂ ಇದೆ."

ಬೇರೆ ಮಾಡಿದರು. ಎಂಟರ ಮೂಲೆ ಮಡಚಿತ್ತು. ಅದರಲ್ಲಿ ಹಿರಿಯ ಪೇದೆಯದೂ ಒಂದು. ಎಂಟನ್ನು ಒಂದು ಲಕೋಟೆಗೆ, ಹದಿಮೂರನ್ನು ಇನ್ನೊಂದಕ್ಕೆ ಹಾಕಿ ಕಳಿಸಿದರು. ಕಾಯುವ ದಿನಗಳಲ್ಲಿ ಮಹಿಳಾ ಪೇದೆ ಉಳಿದ ಏಳು ಮನೆಗಳಿಗೆ ಮತ್ತೆ ಹೋದಳು. ಎಲ್ಲ ಕಡೆಯೂ ಒಂದೇ ಮಾತು: ಪರದೆ ಹಿಂದಿನ ಅಕ್ಕ ಹೇಳ್ತಾರೆ, ಮೂಲೆ ಮಡಚಿದ್ದನ್ನ ಐದು ದಿನ ತಪ್ಪಿಸ್ಬಾರದು, ವಾಸಿಯಾಯ್ತು ಅಂತ ನಡುವೆ ಬಿಡಬಾರದು.

ಮುಂದಿನ ಮಂಗಳವಾರ ಎರಡನೆಯ ವರದಿ ಬಂತು. ಎಂಟರಲ್ಲಿ ಔಷಧ ಇದೆ. ಹದಿಮೂರರಲ್ಲಿ ಇಲ್ಲ.

"ಅಂದ್ರೆ ನಾನು ಎದ್ದು ಕೂತಿದ್ದು…" ಎಂದ ಹಿರಿಯ ಪೇದೆ.

"ಆಸ್ಪತ್ರೆ ಔಷಧೀಲಿ. ಎದೆ ತಟ್ಕೊಂಡು ಊರಿಗೆಲ್ಲ ಹೇಳ್ತಿದ್ದೆಯಲ್ಲ, ಈಗ ಹೇಳು."

ಅವನು ವರದಿಯನ್ನು ಮಡಚಿ ಕಡತದಲ್ಲಿಟ್ಟ.

ಅದೇ ಸಂಜೆ ಬಸ್ ನಿಲ್ದಾಣದ ಎದುರಿನ ಔಷಧ ಅಂಗಡಿಯವನು ಪಂಡಿತನ ಹೆಂಡತಿಯ ಫೋಟೋ ನೋಡಿದ ತಕ್ಷಣ ಗುರುತಿಸಿದ.

"ವಾರಕ್ಕೊಮ್ಮೆ ಬರ್ತಾರೆ. ಕೆಂಪು, ಹಳದಿ ಕ್ಯಾಪ್ಸೂಲ್, ಪೆನ್ಸಿಲಿನ್ ಜಾತೀದೇ. ಆರು ಹಾಳೆ."

"ಡಾಕ್ಟರ ಚೀಟಿ?"

"ಚೀಟಿ ಕೇಳ್ತಾ ಕೂತ್ರೆ ಅಂಗಡಿ ನಡೆಯುತ್ತಾ ಸಾರ್?"

"ಇನ್ಮೇಲೆ ನಡೆಯಲ್ಲ. ಬೀಗ ತಗೊಂಡು ಬಾ."

ಬುಧವಾರ ಬೆಳಿಗ್ಗೆ 10-40. ಇನ್ಸ್‌ಪೆಕ್ಟರ್ ಪರದೆ ಸರಿಸಿದರು. ಪಂಡಿತನ ಹೆಂಡತಿ ಓಡಲಿಲ್ಲ, ಅಳಲೂ ಇಲ್ಲ. ಕಟ್ಟುತ್ತಿದ್ದ ಪೊಟ್ಟಣವನ್ನು ಬಿಚ್ಚಿಟ್ಟಳು.

"ಕ್ಯಾಪ್ಸೂಲ್ ಎಲ್ಲಿ ಇಡ್ತೀರಿ?"

ಅವಳು ಗೋಡೆಯ ಮೊಳೆ ತೋರಿಸಿದಳು. ಅಲ್ಲೊಂದು ಶಾಲೆಯ ಚೀಲ ನೇತಾಡುತ್ತಿತ್ತು. ಒಳಗೆ ಮೂರನೆಯ ತರಗತಿಯ ಪುಸ್ತಕಗಳು. ಪೆನ್ಸಿಲ್ ಡಬ್ಬಿಯಲ್ಲಿ ನಾಲ್ಕು ಹಾಳೆ ಕ್ಯಾಪ್ಸೂಲ್.

"ಯಾರ ಚೀಲ?"

"ನನ್ನ ಮಗಂದು. ನಮ್ಮನೆಯವರು ಇದನ್ನ ಮುಟ್ಟಲ್ಲ."

"ಎಲ್ಲಿದ್ದಾನೆ?"

"ಏಳು ವರ್ಷ ಆಯ್ತು ಸಾರ್. ಒಂಬತ್ತು ವರ್ಷದವನು. ಬರೀ ಕೆಮ್ಮು. ಹನ್ನೊಂದು ದಿನ ಇವರ ಪುಡಿ ತಿಂದ. ಆಸ್ಪತ್ರೆಗೆ ಹೋಗೋಣ ಅಂದೆ. ಪಂಡಿತನ ಮಗನೇ ಆಸ್ಪತ್ರೆಗೆ ಹೋದ್ರೆ ಜನ ಮುಖಕ್ಕೆ ಉಗೀತಾರೆ ಅಂದ್ರು. ಹನ್ನೆರಡನೇ ದಿನ ಕೆಮ್ಮು ನಿಂತಿತು."

ಹೊರಗೆ ಬೆಂಚಿನ ಮೇಲೆ ಯಾರೋ ಕೆಮ್ಮಿದರು.

"ಆಮೇಲೆ ಆಸ್ಪತ್ರೆ ಗೋಡೇಲಿ ಒಂದು ಚಿತ್ರ ನೋಡಿದೆ. ಮಗು ನಿಮಿಷಕ್ಕೆ ಎಷ್ಟು ಉಸಿರು ಬಿಟ್ರೆ ಅಪಾಯ ಅಂತ. ಅಷ್ಟೇ ನನ್ನ ಓದು. ಪರದೆ ಪಕ್ಕ ಕೂರೋ ಮಕ್ಕಳ ಉಸಿರು ಎಣಿಸ್ತಿದ್ದೆ, ದೊಡ್ಡವರ ಕೆಮ್ಮಿಗೆ ಕಿವಿ ಕೊಡ್ತಿದ್ದೆ. ಜಾಸ್ತಿ ಇದ್ರೆ ಕ್ಯಾಪ್ಸೂಲ್ ಬಿಚ್ಚಿ ಪುಡಿಗೆ ಹಾಕ್ತಿದ್ದೆ, ಮೂಲೆ ಮಡಚ್ತಿದ್ದೆ. ಆಸ್ಪತ್ರೆಗೆ ಹೋಗಿ ಅಂದ್ರೆ ಹೋಗ್ತಿದ್ರಾ ಇವರು? ಔಷಧೀನೇ ಇಲ್ಲಿಗೆ ತಂದೆ."

"ಆ ಹುಡುಗಿ ಸತ್ತ ಮೇಲೂ ಹಾಕಿದ್ರಾ?"

"ಮೂರು ದಿನ ಹಾಕಲಿಲ್ಲ. ನಾಲ್ಕನೇ ದಿನ ಒಂದು ಮಗು ಬಂತು, ಐವತ್ತು ಉಸಿರು. ನೀವೇ ಹೇಳಿ, ಏನು ಮಾಡ್ಲಿ? ಅವತ್ತಿಂದ ಪರದೆಯಾಚೆ ಹೋಗಿ ಕೇಳಿ ಹಾಕ್ದೆ, ಆಸ್ಪತ್ರೆ ಕಾರ್ಡು ಏನಾದ್ರೂ ಇದೆಯಾ ಅಂತ. ಅದಕ್ಕೂ ಮೊದಲು ಒಂದು ಸಲ ಕೇಳಿದ್ರೆ…"

ಅಷ್ಟರಲ್ಲಿ ಪಂಡಿತ ನುಗ್ಗಿ ಬಂದ. ಮಗನ ಚೀಲ ನೋಡಲಿಲ್ಲ. ಕ್ಯಾಪ್ಸೂಲ್ ನೋಡಿದ.

"ನನ್ನ ಪುಡಿ ಕೆಡಿಸಿದ್ಯಲ್ಲೇ! ಏಳು ವರ್ಷದಿಂದ ನನ್ನ ಪುಡಿಗೆ ವಿಷ ಹಾಕಿದ್ಯಾ?"

"ಏಳು ವರ್ಷದಿಂದ ನಿಮಗೆ ಹೆಸರು ಬಂದಿದ್ದು ಯಾಕೆ ಅಂದ್ಕೊಂಡಿದ್ರಿ?" ಎಂದಳು ಅವಳು. ಅವನ ಮುಖಕ್ಕೆ ಅವಳು ಹೇಳಿದ್ದು ಅಷ್ಟೇ.

11-15ಕ್ಕೆ ಬಂಧನ. ಎಫ್‌ಐಆರಿನ ಖಾಲಿ ಗೆರೆ ತುಂಬಿತು.

ಠಾಣೆಯ ಬೆಂಚಿನಲ್ಲಿ ಹೊಲಿಗೆಯವಳು ಕಾದಿದ್ದಳು. ಇನ್ಸ್‌ಪೆಕ್ಟರ್ ಎಲ್ಲವನ್ನೂ ಹೇಳಿ, "ತಪ್ಪು ನಿಮ್ಮದಲ್ಲ ಅಮ್ಮ. ನಿಮ್ಮ ಯಜಮಾನರಿಗೆ ನಾನೇ ಹೇಳ್ತೀನಿ," ಎಂದರು.

"ಕುಡಿಸಿದ್ದು ನಾನೇ ತಾನೇ ಸಾರ್? ಕಹಿ ಅಂತ ಮುಖ ತಿರುಗಿಸಿದ್ಲು. ಮೂಗು ಹಿಡಿದು ಕುಡಿಸ್ದೆ."

ಅವಳು ಎದ್ದು, ಮಹಿಳಾ ಪೇದೆಯ ಪಕ್ಕ ಕೂತಿದ್ದ ಪಂಡಿತನ ಹೆಂಡತಿಯ ಎದುರು ನಿಂತಳು. ಹೊಡೆಯುತ್ತಾಳೆ ಎಂದು ಪೇದೆ ಅಡ್ಡ ಬಂದಳು. ಹೊಡೆಯಲಿಲ್ಲ.

"ಕಾರ್ಡು ನನ್ನ ಚೀಲದಲ್ಲೇ ಇತ್ತು."

"ಪರದೆಯಾಚೆಯಿಂದ ಒಳಗೆ ಚಾಚಿದ್ರೆ ಓದ್ತಿದ್ದೆ ಅಕ್ಕ."

"ತೆಗೀಬೇಡ ಅಂದ್ರು ನಿಮ್ಮ ಯಜಮಾನರು."

"ಹೌದು. ಕೇಳಿಸ್ತು. ಎಲ್ಲರಿಗೂ ಅಂತಾರೆ, ಇದೂ ಹಾಗೇ ಅಂದ್ಕೊಂಡೆ."

ಒಬ್ಬಳು ಮಗುವನ್ನು ಔಷಧದಿಂದ ದೂರವಿಟ್ಟು ಉಳಿಸಲು ಹೋಗಿದ್ದಳು, ಇನ್ನೊಬ್ಬಳು ಔಷಧದಿಂದಲೇ ಉಳಿಸಲು ಹೋಗಿದ್ದಳು. ನಡುವೆ ಇದ್ದದ್ದು ಒಂದು ತುಂಡು ಹಸಿರು ಬಟ್ಟೆ.

ಪಂಡಿತನ ಮೇಲೆ ಪರವಾನಗಿ ಇಲ್ಲದೆ ಚಿಕಿತ್ಸೆ ನಡೆಸಿದ ಪ್ರಕರಣ ಮಾತ್ರ ದಾಖಲಾಯಿತು. ಅದೇ ಮಧ್ಯಾಹ್ನ ಜಾಮೀನು ಸಿಕ್ಕಿತು. ಅವನ ಡಬ್ಬಿಯ ಪುಡಿಯಲ್ಲಿ ಹಾನಿಕಾರಕ ಏನೂ ಇಲ್ಲ ಎಂದು ಪ್ರಯೋಗಾಲಯವೇ ಬರೆದಿತ್ತಲ್ಲ. ಉಪಯೋಗವಿದೆಯೇ ಎಂದು ಯಾರೂ ಕೇಳಿರಲಿಲ್ಲ. ಗುರುವಾರ ಅಂಗಡಿಯ ಹೊರಗೆ ಹೊಸ ಹಲಗೆ ಬಂತು: ಈಗ ಪುಡಿ ಸಂಪೂರ್ಣ ಶುದ್ಧ.

ಠಾಣೆಯ ಕೋಣೆಯಿಂದ ಪಂಡಿತನ ಹೆಂಡತಿ ಹಿರಿಯ ಪೇದೆಯನ್ನು ಕೇಳಿದ್ದು ಒಂದೇ. "ಹಾಲಿನಂಗಡಿಯವರ ಮೊಮ್ಮಗನಿಗೆ ಮೂಲೆ ಮಡಚಿದ ಪೊಟ್ಟಣ ಮೂರು ದಿನದ್ದು ಆಗಿದೆ. ಇನ್ನೂ ಎರಡು ದಿನದ್ದು ಬಾಕಿ. ನಡುವೆ ಬಿಟ್ರೆ ತಿರುಗಿ ಬರುತ್ತೆ. ಹೇಳಿ ಅಣ್ಣ, ಆಸ್ಪತ್ರೆಗಾದ್ರೂ ಕರ್ಕೊಂಡು ಹೋಗ್ಲಿ."

ಅವನು ಹೋದ. ಹಾಲಿನಂಗಡಿಯ ಮುದುಕ ಬಾಗಿಲಲ್ಲೇ ತಡೆದ.

"ಆ ಪೊಟ್ಟಣಾನಾ? ಚರಂಡಿಗೆ ಸುರಿದ್ವಿ."

"ಹಾಗಾದ್ರೆ ಆಸ್ಪತ್ರೆಗೆ ತೋರ್ಸಿ ಯಜಮಾನ್ರೆ. ನಾನೂ ಅದನ್ನೇ ತಿಂದು ಉಳಿದವನು."

"ನಿನಗೇನು ತಲೆ ಕೆಟ್ಟಿದೆಯಾ? ಚಿಟಿಕೆ ಆಸ್ಪತ್ರೆ ಔಷಧಿಗೇ ಒಂದು ಮಗು ಹೋಯ್ತು. ಬಟ್ಟಲು ತುಂಬ ಕುಡಿಸೋಕೆ ಅಲ್ಲಿಗೆ ಹೋಗ್ಬೇಕಾ? ಪಂಡಿತರು ಶುದ್ಧವಾದ್ದು ಕೊಟ್ಟಿದ್ದಾರೆ, ಹೋಗು."

ಶುಕ್ರವಾರ ಇನ್ಸ್‌ಪೆಕ್ಟರ್ ಕೇಸ್ ಡೈರಿ ಮುಗಿಸಿದರು. ಅಪರಾಧದ ಹಿಂದಿನ ಕಾರಣ ಎಂಬಲ್ಲಿ ಬರೆದರು: ಆರೋಪಿಯ ಒಂಬತ್ತು ವರ್ಷದ ಮಗ ಏಳು ವರ್ಷದ ಹಿಂದೆ ಕೆಮ್ಮಿನಿಂದ ತೀರಿಕೊಂಡಿದ್ದಾನೆ. ಆ ಸಾವಿನ ಬಗ್ಗೆ ಯಾವ ದೂರೂ ದಾಖಲಾಗಿಲ್ಲ.

ಶನಿವಾರ ಬೆಳಿಗ್ಗೆ 9-50. ಪೊಲೀಸ್ ಕಸ್ಟಡಿಯ ಅವಧಿ ಮುಗಿದು, ಪಂಡಿತನ ಹೆಂಡತಿಯನ್ನು ಮತ್ತೆ ನ್ಯಾಯಾಲಯಕ್ಕೆ ಕರೆದೊಯ್ಯಲು ವ್ಯಾನು ಬಂತು. ಹಿರಿಯ ಪೇದೆ ಬೆಳಿಗ್ಗೆಯೇ ಹಾಲು ಕೊಳ್ಳುವ ನೆಪದಲ್ಲಿ ಹೋಗಿ, ಅಂಗಡಿಯ ಹಿಂದೆ ಮಲಗಿದ್ದ ಮಗುವಿನ ಎದೆಯನ್ನು ಕೈಗಡಿಯಾರ ಹಿಡಿದು ನೋಡಿ ಬಂದಿದ್ದ. ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡಿದ್ದ: 54.

ಅವಳು ವ್ಯಾನಿನ ಮೆಟ್ಟಿಲ ಮೇಲೆ ನಿಂತು ತಿರುಗಿದಳು.

"ಹೋಗಿದ್ರಾ ಅಣ್ಣ? ಉಸಿರು ಹೇಗಿದೆ?"

ಅವನು ಅಂಗೈ ಮುಚ್ಚಿಕೊಂಡ.

"ಇಳಿದಿದೆ ಅಕ್ಕ."

"ಇಳಿದಿದೆ ಅಂತ ಬೇಡ. ಎಷ್ಟು, ಹೇಳಿ."

ಮಹಿಳಾ ಪೇದೆ ಬಾಗಿಲು ಹಾಕಿದಳು.